ಎಡಮಗ್ಗುಲಿನ ಪರದೆ

ಜೂನ್ ೨, ಸೋಮವಾರ

ಈ ದಿನ ಸಂಜೆ ನನ್ನ ಕೋಣೆಯಲ್ಲಿ ಮಾನಿಟರ್ ವಿಚಾರಣಾ ಆಯೋಗವನ್ನು ವಿಧ್ಯುಕ್ತವಾಗಿ ಸ್ಥಾಪಿಸಲಾಯಿತು. ಅಧ್ಯಕ್ಷ ನಾನು. ಕಾರ್ಯದರ್ಶಿ ನಾನು. ಸಭೆಗೆ ಚಹಾ ತರುವವನೂ ನಾನೇ. ಆಯೋಗದ ಮುಂದಿರುವ ಪ್ರಶ್ನೆ: ನನ್ನ ಕಂಪ್ಯೂಟರಿನ ಮುದಿ ಮಾನಿಟರಿಗೆ ಹಾರ ಹಾಕಿ ನಿವೃತ್ತಿ ಕೊಟ್ಟು, ಹೈ ರೆಸಲ್ಯೂಷನ್ನಿನ ಹೊಸದನ್ನು ತರಬೇಕೆ, ಬೇಡವೆ?

ದೂರುದಾರನೂ ನಾನೇ. ದೂರು ಹೀಗಿದೆ. ಬೆಟ್ಟ ಹತ್ತುವ ಆಟದಲ್ಲಿ ಇವತ್ತು ನಾನೂ ಅಕ್ಕನೂ ಮತ್ತೆ ಬಿದ್ದು ಸತ್ತೆವು. ಆ ಆಟದಲ್ಲಿ ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬರು ಬಂಡೆಯ ಬಿರುಕಿಗೆ ಬೆರಳು ತೂರಿಸಿ ಅಲುಗದೆ ನಿಲ್ಲಬೇಕು, ಆಗ ಇನ್ನೊಬ್ಬರು ಹತ್ತಬೇಕು. ಪರದೆಯಲ್ಲಿ ಎರಡು ಪಾಲು: ಎಡಗಡೆ ಅಕ್ಕನದು, ಬಲಗಡೆ ನನ್ನದು. ಬಿರುಕುಗಳು ಕೂದಲೆಳೆಯಷ್ಟು ಸಣ್ಣ. ನಮ್ಮ ಮಾನಿಟರಿನಲ್ಲಿ ಬಿರುಕೂ ಬಂಡೆಯೂ ಆಕಾಶವೂ ಸೇರಿ ಒಂದೇ ಬೂದು ಬಣ್ಣದ ಕೆಸರು. ಅಕ್ಕ ಬಿರುಕು ಅಂದುಕೊಂಡು ನೆರಳಿಗೆ ಕೈ ಹಾಕಿದಳು. ಇಬ್ಬರೂ ಕೆಳಗೆ.

ಅಕ್ಕ ನನ್ನ ಕೋಣೆಯಲ್ಲೇಕೆ ಎಂದು ಮುಂದಿನ ತಲೆಮಾರಿನ ಇತಿಹಾಸಕಾರರು ಕೇಳಬಹುದು. ಬಚ್ಚಲುಮನೆ ಈ ಕೋಣೆಗೆ ಅಂಟಿಕೊಂಡಿದೆ. ಅದಕ್ಕೇ ಮಂಚ ಇಲ್ಲಿಗೆ ಬಂತು, ನಾನು ನಡುಮನೆಯ ಸೋಫಾಕ್ಕೆ ಗಡೀಪಾರಾದೆ. ಮಗು ಇನ್ನೂ ಎರಡು ತಿಂಗಳು ಒಳಗೇ ಇರಬೇಕಂತೆ, ಆದರೆ ಅದಕ್ಕೆ ಈಗಲೇ ಹೊರಗೆ ಬರುವ ಆತುರವಂತೆ. ಡಾಕ್ಟರಮ್ಮನ ಕಟ್ಟಪ್ಪಣೆ: ಎಡಮಗ್ಗುಲಲ್ಲಿ ಮಲಗಿರಬೇಕು, ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಏಳಬಾರದು. ಭಾವ ಹಡಗಿನಲ್ಲಿದ್ದಾನೆ, ಬರುವುದು ತಡ. ಹೋದ ವರ್ಷ ಅಕ್ಕ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಆ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆಯೋಗವೂ ಎತ್ತುವುದಿಲ್ಲ.

ಅಮ್ಮ ನನಗೂ ಒಂದು ಕಟ್ಟಪ್ಪಣೆ ಹೊರಡಿಸಿದ್ದಾಳೆ. "ನಿನ್ನ ರಬ್ಬರ್ ಹಲ್ಲಿ, ಬಾಗಿಲ ಹಿಂದಿನಿಂದ ಭೋ ಅನ್ನೋದು, ಎಲ್ಲಾ ಬಂದ್. ಅವಳು ಬೆಚ್ಚಿಬಿದ್ದಳೋ, ನೀನು ಬೀದೀಲಿ."

ಹೊಸ ಮಾನಿಟರ್ ಬೇಕಾಗಿರುವುದು ನಾನು ಒಬ್ಬನೇ ಆಡುವ ಪಂದ್ಯಗಳಲ್ಲಿ ಮೇಲಿನ ದರ್ಜೆಗೆ ಹೋಗಲು. ಇದಕ್ಕೂ ಅಕ್ಕನಿಗೂ ಯಾವುದೇ ಸಂಬಂಧವಿಲ್ಲವೆಂದು ಆಯೋಗ ಸ್ಪಷ್ಟಪಡಿಸುತ್ತದೆ.

ಜೂನ್ ೩, ಮಂಗಳವಾರ

ಮಧ್ಯಾಹ್ನ ಊಟಕ್ಕೆ ನಾನು ಕೆಲಸ ಮಾಡುವ ಅಂಗಡಿಯಿಂದ ಬಂದರೆ ಮಂಚ ಖಾಲಿ. ಅಕ್ಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಮೇಲಿನ ಕಪಾಟು ಒರೆಸುತ್ತಿದ್ದಳು. ಸ್ಟೂಲಿನ ಮೇಲೆ!

"ಇಳಿ."

"ಆಯ್ತು, ಇದೊಂದು ಮೂಲೆ—"

"ಅಕ್ಕಾ, ಇಳಿ ಅಂದೆ."

"ಯಾರೋ ಇವ್ನು, ದನಿ ಜೋರಾಗಿದೆ!" ಅಂದಳು. ಆದರೆ ಇಳಿದಳು. ನಾನು ಕೈ ಹಿಡಿದುಕೊಂಡೆ. "ಬಿದ್ಕೊಂಡು ಬಿದ್ಕೊಂಡು ಸಾಕಾಯ್ತು ಕಣೋ. ನಾನೇನು ದಿಂಬಾ? ಗೋಡೆ ನೋಡ್ತಾ ಇದ್ರೆ ಬೇಡದ್ದೆಲ್ಲ ತಲೆಗೆ ಬರುತ್ತೆ. ಕೈಗೆ ಏನಾದ್ರೂ ಕೆಲ್ಸ ಬೇಕು."

ಮಾತುಕತೆ ನಡೆಯಿತು. ಒಪ್ಪಂದಕ್ಕೆ ಉಭಯ ಪಕ್ಷಗಳೂ ಸಹಿ ಹಾಕಿದವು. ಆಟದ ಬೆಟ್ಟದಲ್ಲಿ ಉತ್ತರದ ಕಡೆಯ ಮಹಾಗೋಡೆಯನ್ನು ಇಬ್ಬರೂ ಹತ್ತಿ ಮುಗಿಸುವವರೆಗೆ ಅಕ್ಕ ಮಂಚ ಬಿಡತಕ್ಕದ್ದಲ್ಲ. ನಾನು ಮಧ್ಯಾಹ್ನವೂ ಸಂಜೆಯೂ ಬಂದು ಆಡತಕ್ಕದ್ದು. ಆಡದ ದಿನ ಅವಳು ಕಪಾಟು ಒರೆಸಲು ಸ್ವತಂತ್ರಳು.

ಅಂದರೆ ಆಟ ನಿಲ್ಲಬಾರದು. ಅಷ್ಟೇ ವಿಷಯ.

ಜೂನ್ ೮, ಭಾನುವಾರ

ಆಯೋಗದ ಮುಂದೆ ತಜ್ಞ ಸಾಕ್ಷಿ ಹಾಜರಾದ: ನನ್ನ ಗೆಳೆಯ, ಕಂಪ್ಯೂಟರ್ ರಿಪೇರಿಯವನು. ಯಾವ ಯಂತ್ರ ಬಿಚ್ಚಿದರೂ ಮುಚ್ಚುವಾಗ ಒಂದು ಸ್ಕ್ರೂ ಮಿಗಿಸುತ್ತಾನೆ; ಅದಕ್ಕೇ ಎಲ್ಲರೂ ಅವನನ್ನು ಸ್ಕ್ರೂ ಎನ್ನುತ್ತೇವೆ. ಫೋರ್‌ಕೆ ಮಾನಿಟರ್ ತರುತ್ತೇನೆ ಎಂದೆ. ನಕ್ಕ.

"ಈಗಿರೋದಕ್ಕಿಂತ ನಾಲ್ಕು ಪಟ್ಟು ಚುಕ್ಕಿ ಕಣೋ ಅದ್ರಲ್ಲಿ. ಅಷ್ಟನ್ನೂ ಬಿಡಿಸ್ಬೇಕಾಗಿರೋದು ನಿನ್ನ ಗ್ರಾಫಿಕ್ಸ್ ಕಾರ್ಡು. ಅದಕ್ಕೆ ಈಗ್ಲೇ ಏದುಸಿರು."

"ಅಂದ್ರೆ?"

"ಅಂದ್ರೆ ಚಿತ್ರ ಚೆನ್ನಾಗಿರುತ್ತೆ, ಆದ್ರೆ ತಡವರಿಸುತ್ತೆ. ನೀನು ಬೀಳೋದನ್ನ ಬಹಳ ಸ್ಪಷ್ಟವಾಗಿ, ನಿಧಾನವಾಗಿ ನೋಡಬಹುದು."

ಮಂಚದ ಮೇಲಿಂದ ಅಕ್ಕ, "ಇವ್ನು ಬೀಳೋದು ಈಗ್ಲೂ ಸ್ಪಷ್ಟವಾಗೇ ಕಾಣುತ್ತೆ" ಅಂದಳು.

ಸ್ಕ್ರೂ ನಡುವಿನ ರೆಸಲ್ಯೂಷನ್ನಿನದು ಸಾಕು ಎಂದ. ನಡುವಿನದು! ನಾನೇನು ನಡುವಿನ ಮನುಷ್ಯನೇ? ಸಾಕ್ಷಿಯ ಹೇಳಿಕೆಯನ್ನು ದಾಖಲಿಸಿಕೊಂಡು ಕಡೆಗಣಿಸಲಾಯಿತು.

ಜೂನ್ ೧೧, ಬುಧವಾರ

ಅಕ್ಕನಿಗೆ ತಲೆನೋವು. ಆಟವಿಲ್ಲ. "ಆ ಕಲ್ಲನ್ನ ದಿಟ್ಟಿಸಿ ದಿಟ್ಟಿಸಿ ಕಣ್ಣೆಲ್ಲ ಉರೀತಿದೆ" ಅಂದಳು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಪಾತ್ರೆ ತೊಳೆದಿಟ್ಟಿದ್ದಳು. ಅಮ್ಮ ಪಾಠ ಮುಗಿಸಿ ಶಾಲೆಯಿಂದ ಬಂದವಳು ಪಾತ್ರೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಜೂನ್ ೧೨, ಗುರುವಾರ

ಆಯೋಗವು ಈ ದಿನ ಬೆಚ್ಚಿಬೀಳಿಸುವ ಸಂಗತಿಯೊಂದನ್ನು ಬಯಲಿಗೆಳೆದಿದೆ.

ಮಾನಿಟರ್ ಒರೆಸುತ್ತಿದ್ದೆ. ಮೂಲೆಯಲ್ಲಿ ಏನೋ ಉಗುರಿಗೆ ಸಿಕ್ಕಿತು. ಎಳೆದೆ. ಚರ್‍ರ್ ಎಂದು ಬಂತು. ಕೊಳ್ಳುವಾಗ ಪರದೆಯ ಮೇಲಿದ್ದ ಪ್ಲಾಸ್ಟಿಕ್ ಹಾಳೆ! ಕೊಂಡು ಎಷ್ಟೋ ವರ್ಷವಾಯಿತು, ನಾವು ಅದನ್ನು ತೆಗೆದೇ ಇರಲಿಲ್ಲ. ಇಷ್ಟು ಕಾಲ ನಾನು ಪೊಟ್ಟಣದ ಒಳಗಿರುವ ಜಗತ್ತಿನಲ್ಲಿ ಯುದ್ಧ ಮಾಡುತ್ತಿದ್ದೆ.

ಇದು ನಮ್ಮ ಮನೆತನದ ಕಾಯಿಲೆ. ಟಿವಿ ರಿಮೋಟಿಗೆ ಕವರು. ಕುರ್ಚಿಗೆ ಕವರು. ಅಮ್ಮನ ಕೈಚೀಲಕ್ಕೆ ಕವರು, ಆ ಕವರು ಹಾಳಾಗದಿರಲೆಂದು ಅದಕ್ಕೊಂದು ಕವರು. ಹಾಳೆಯನ್ನು ಹಿಡಿದು ಅಮ್ಮನಿಗೆ ತೋರಿಸಿದೆ. ನಗುತ್ತಾಳೆ ಎಂದುಕೊಂಡಿದ್ದೆ.

"ತೆಗೆದೇಬಿಟ್ಯೇನೋ? ಇನ್ನೂ ಹೊಸದಾಗಿತ್ತಲ್ಲೋ!" ಅಂದಳು, ನಿಜವಾಗಿಯೂ ನೊಂದು.

ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಹೊಟ್ಟೆ ಹಿಡಿದುಕೊಂಡದ್ದು ನೋಡಿ ನಾನೂ ಅಮ್ಮನೂ ಒಟ್ಟಿಗೇ ಎದ್ದೆವು. "ನಗು ಕಣ್ರೋ, ಬರೀ ನಗು" ಅಂದಳು. ಕೂತೆವು.

ಚಿತ್ರ ಮೊದಲಿಗಿಂತ ಮೇಲು. ಬಿರುಕುಗಳು ಮಾತ್ರ ಇನ್ನೂ ಕೆಸರೇ.

ಜೂನ್ ೧೫, ಭಾನುವಾರ

ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ. ಫೋರ್‌ಕೆಯ ಎದುರು ನಿಂತೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ. ಪರದೆಯಲ್ಲೊಂದು ಹುಲಿ. ಅದರ ರೆಪ್ಪೆಗೂದಲು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿತ್ತು. ಮೂಗಿನ ಮೇಲೊಂದು ನೊಣ ಕಚ್ಚಿದ ಗುರುತು. ಅದರ ಮನಸ್ಸಿನಲ್ಲಿ ಏನಿದೆ ಎಂದು ಕೂಡ ಓದಬಹುದಿತ್ತು.

ಅಲ್ಲಿನ ಸೇಲ್ಸ್‌ಮನ್ ನನ್ನ ವಯಸ್ಸಿನವನೇ, ಕತ್ತಿಗೆ ಟೈ ಬಿಗಿದುಕೊಂಡು ನೀಲಿಗಟ್ಟಿದ್ದ. "ಒಂದ್ಸಲ ಇದನ್ನ ನೋಡಿದ್ರೆ ವಾಪಸ್ ಹೋಗಕ್ಕಾಗಲ್ಲ ಸಾರ್" ಅಂದ. ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನು ಯಾರೋ ಸಾರ್ ಎಂದರು.

ಆಯೋಗದ ತೀರ್ಮಾನ: ಫೋರ್‌ಕೆ. ಅತಿ ದೊಡ್ಡದು. ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡಲಿ, ಅಗತ್ಯಬಿದ್ದರೆ ಪ್ರಾಣವನ್ನೂ ಬಿಡಲಿ. ಮುಂದಿನ ಶನಿವಾರ ತಂದೇ ತರುತ್ತೇನೆ. ಈ ನಿರ್ಧಾರವನ್ನು ಬದಲಿಸಬಲ್ಲವನು ಇನ್ನೂ ಹುಟ್ಟಿಲ್ಲ.

ಜೂನ್ ೧೯, ಗುರುವಾರ

ನಾನು ಕೆಲಸ ಮಾಡುವುದು ಬೋರ್ಡು ಮಾಡುವ ಅಂಗಡಿಯಲ್ಲಿ. ಅಂಗಡಿಗಳ ಗಾಜಿನ ಬಾಗಿಲಿಗೆ, ಗೋಡೆಗೆ ಸ್ಟಿಕ್ಕರಿನ ಅಕ್ಷರ ಕತ್ತರಿಸಿ ಅಂಟಿಸುವುದು. (ಎಳೆಯುವ ಬಾಗಿಲಿಗೆ "ತಳ್ಳಿ" ಎಂದು ಅಂಟಿಸಿ ಎದುರು ಕೂತು ನೋಡಿದ ಪ್ರಸಂಗ ಯಜಮಾನರಿಗೆ ಇನ್ನೂ ಗೊತ್ತಿಲ್ಲ.) ಇವತ್ತು ಔಷಧಿ ಅಂಗಡಿಯ ಬೋರ್ಡು. ಮೇಜಿನ ಮೇಲೆ ಹರಡಿ, ಬಗ್ಗಿ ನೋಡಿ, "ಚೆನ್ನಾಗಿದೆ" ಅಂದೆ. ಯಜಮಾನರು ಕತ್ತರಿ ಕೆಳಗಿಟ್ಟರು.

"ಎಲ್ಲಿಂದ ನೋಡಿ ಹೇಳ್ದೆ?"

"ಇಲ್ಲಿಂದ."

"ಔಷಧಿ ಬೇಕಾದವನು ಬಂದು ಮೇಜಿನ ಮೇಲೆ ಮಲಗಿ ಓದ್ತಾನೇನಯ್ಯಾ? ರಸ್ತೆ ಆಚೆಗೆ ಹೋಗು. ಅವನು ಎಲ್ಲಿ ನಿಲ್ತಾನೋ ಅಲ್ಲಿ ನಿಂತು ನೋಡು, ಆಮೇಲೆ ಮಾತಾಡು."

ಇದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಎಂದಿನಂತೆ ರಸ್ತೆ ದಾಟಿದೆ. ದಾಟಿದವನು ಅಲ್ಲೇ ನಿಂತುಬಿಟ್ಟೆ. ಬೋರ್ಡು ನೋಡುವುದೇ ಮರೆಯಿತು. ಯಜಮಾನರು ಆಚೆಯಿಂದ ಕೈ ಆಡಿಸುತ್ತಲೇ ಇದ್ದರು.

ಮಧ್ಯಾಹ್ನ ಮನೆಗೆ ಓಡಿದೆ. ಅಕ್ಕ ಬಚ್ಚಲಿಗೆ ಹೋದಾಗ ಅವಳ ಮಂಚದ ಮೇಲೆ, ಅವಳ ದಿಂಬಿಗೆ ಕೆನ್ನೆ ಕೊಟ್ಟು, ಎಡಮಗ್ಗುಲಲ್ಲಿ ಮಲಗಿದೆ.

ಕಂಡದ್ದನ್ನು ಯಥಾವತ್ತಾಗಿ ಬರೆಯುತ್ತೇನೆ. ಬೆಟ್ಟ ಅಡ್ಡ ಮಲಗಿತ್ತು. ಕಿಟಕಿಯ ಬೆಳಕು ಅದರ ಕಾಲುಭಾಗವನ್ನು ತಿಂದಿತ್ತು. ಮತ್ತೆ, ಅವಳ ಪಾಲಿನ ಪರದೆಗೆ ಸರಿಯಾಗಿ ಅಡ್ಡವಾಗಿ ನನ್ನ ಕುರ್ಚಿಯ ಬೆನ್ನು. ಅದರಲ್ಲಿ ನಾನು ಕೂತರೆ ನನ್ನ ತಲೆ. ಇಷ್ಟು ದಿನವೂ ಅಕ್ಕ ನನ್ನ ಕಿವಿಯ ಸಂದಿನಿಂದ ಬೆಟ್ಟ ಹತ್ತುತ್ತಿದ್ದಳು.

ಅವಳು ಬಂದು, "ಏಳೋ, ನಂದು ಅದು" ಅಂದಳು.

"ಹೇಳ್ಬಾರ್ದಾ?"

"ಏನನ್ನ?"

"ಏನೂ ಕಾಣಲ್ಲ ಅಂತ!"

ನಿಧಾನವಾಗಿ ಮಲಗಿ, ಹೊದಿಕೆ ಎಳೆದುಕೊಂಡಳು. "ಹೇಳಿದ್ರೆ ಆಟ ಬೇಡ ಅಂತಿದ್ದೆ ನೀನು. ಆಡೋವಾಗ್ಲಾದ್ರೂ ಒಂದ್ಕಡೆ ಕೂರ್ತೀಯ. ಇಲ್ದಿದ್ರೆ ಬಾಗ್ಲಲ್ಲಿ ಹಣಕಿ ಹಣಕಿ, ಉಸಿರಾಡ್ತಿದೀನಾ ಅಂತ ನೋಡ್ಕೊಂಡು ಹೋಗೋದು. ನನಗೆ ಕಾಣಲ್ಲ ಅಂದ್ಕೊಂಡಿದ್ಯಾ, ಮಂಗ?"

ಈ ಆರೋಪವನ್ನು ಆಯೋಗ ಬಲವಾಗಿ ತಳ್ಳಿಹಾಕುತ್ತದೆ. ನಾನು ಹಣಕುತ್ತಿದ್ದದ್ದು ಚಾರ್ಜರಿಗಾಗಿ.

ಜೂನ್ ೨೦, ಶುಕ್ರವಾರ

ಕುರ್ಚಿ ಸರಿಸಿದೆ. ಕಿಟಕಿಗೆ ಅಮ್ಮನ ಹಳೆಯ ಹೊದಿಕೆ ಕಟ್ಟಿದೆ. ಮಾನಿಟರಿನ ಕಾಲು ಬಿಚ್ಚಿ, ಅದನ್ನು ಪುಸ್ತಕಗಳ ನಡುವೆ ಅಡ್ಡ ಮಲಗಿಸಿದೆ: ನೆತ್ತಿ ಎಡಕ್ಕೆ, ಬುಡ ಬಲಕ್ಕೆ, ಮಲಗಿದ ಅಕ್ಕನಿಗೆ ನೇರ ಕಾಣುವಂತೆ. ಅಮ್ಮನ ಗಣಿತದ ಪುಸ್ತಕಗಳಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ಸೋಲು. ಈ ಹಳೆಯ ಪರದೆಯನ್ನು ನೇರ ಮುಂದೆ ಕೂತು ನೋಡಿದರೆ ಮಾತ್ರ ಬಣ್ಣ ಸರಿ. ಹೀಗೆ ಮಲಗಿಸಿದರೆ ಒಂದು ಕಣ್ಣಿಗೆ ಬೆಳಗು, ಇನ್ನೊಂದಕ್ಕೆ ಕತ್ತಲು. ಅಕ್ಕ ಹತ್ತು ನಿಮಿಷ ಸಹಿಸಿ, "ತಲೆ ತಿರುಗ್ತಿದೆ, ತೆಗಿಯೋ" ಅಂದಳು.

ಸರಿ. ನಾಳೆ ಶನಿವಾರ. ನೋಡಿಯೇಬಿಡೋಣ.

ಜೂನ್ ೨೧, ಶನಿವಾರ

ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆಯಬೇಕಾದ ದಿನ. ಅಕ್ಷರ ಕತ್ತರಿಸಲು ನಾನೇ ಸಿದ್ಧ.

ಅಂಗಡಿಯಲ್ಲಿ ಟೈನವನು ಓಡಿಬಂದ. "ಬನ್ನಿ ಸಾರ್! ಹುಲಿ ಪ್ಯಾಕ್ ಮಾಡ್ಲಾ?"

"ಒಂದು ನಿಮಿಷ" ಎಂದು ಮಾನಿಟರುಗಳ ಸಾಲಿನಿಂದ ಹಿಂದೆ ಹಿಂದೆ ನಡೆದೆ, ನಮ್ಮ ಮಂಚದಿಂದ ಮೇಜು ಎಷ್ಟು ದೂರವೋ ಅಷ್ಟು. ಮಿಕ್ಸರ್‌ಗಳ ವಿಭಾಗ ತಲುಪಿದೆ. ಜಾಕೆಟ್ ಬಿಚ್ಚಿ ಮಡಿಸಿ ನೆಲಕ್ಕಿಟ್ಟೆ. ಅದರ ಮೇಲೆ ಕೆನ್ನೆಯಿಟ್ಟು ಎಡಮಗ್ಗುಲಲ್ಲಿ ಮಲಗಿದೆ.

"ಸಾರ್?"

"ಸುಮ್ನಿರಿ. ನೋಡ್ತಿದೀನಿ."

ಮಿಕ್ಸರ್ ಕೊಳ್ಳಲು ಬಂದ ಹೆಂಗಸೊಬ್ಬರು, "ಅಯ್ಯೋ, ಯಾರಾದ್ರೂ ನೀರು ಕೊಡ್ರಪ್ಪಾ! ಹುಡುಗ ಬಿದ್ದುಬಿಟ್ಟಿದಾನೆ!" ಎಂದು ಕೂಗಿದರು. ಮ್ಯಾನೇಜರ್ ಬಂದರು. ಸುತ್ತ ಜನ. ಯಾರೋ ನನ್ನ ಚಪ್ಪಲಿ ಬಿಚ್ಚಿ ಪಾದ ಉಜ್ಜತೊಡಗಿದರು. ಬೇರೆ ದಿನವಾಗಿದ್ದರೆ ಕಣ್ಣು ಮೇಲೆ ಮಾಡಿ ನಾಲಗೆ ಚಾಚಿ ಇನ್ನೂ ಅರ್ಧ ಗಂಟೆ ನಡೆಸುತ್ತಿದ್ದೆ. ಇಂಥ ಸಭೆ ಮತ್ತೆ ಸಿಗುತ್ತದೆಯೇ? ಆದರೆ ಪುರಸೊತ್ತಿರಲಿಲ್ಲ. "ದಯವಿಟ್ಟು ಸ್ವಲ್ಪ ಸರೀರಿ, ಎರಡನೇ ಮಾನಿಟರ್ ಕಾಣ್ತಿಲ್ಲ" ಅಂದೆ.

ಮ್ಯಾನೇಜರ್ ಕೆಂಪಾದರು. "ಏನ್ರೀ ಇದು ತಮಾಷೆ?"

"ತಮಾಷೆ ಅಲ್ಲ ಸರ್. ನಮ್ಮಕ್ಕ ಹೀಗೇ ಮಲಗಿರ್ಬೇಕು. ಮಗು ಹುಟ್ಟೋವರೆಗೆ. ಅವಳಿಗೆ ಎಲ್ಲಿಂದ ಕಾಣುತ್ತೋ ಅಲ್ಲಿಂದ ನೋಡ್ತಿದೀನಿ."

ತಮಾಷೆ ಅಲ್ಲ ಎಂಬ ಮಾತನ್ನು ಈ ಬಾಯಿಯಿಂದ ಹೇಳಿದ್ದು ಇದೇ ಮೊದಲು. ಯಾರೂ ನಗಲಿಲ್ಲ. ಪಾದ ಉಜ್ಜುತ್ತಿದ್ದವರು ಉಜ್ಜುವುದನ್ನು ನಿಲ್ಲಿಸಿದರು. ಮಿಕ್ಸರಿನ ಹೆಂಗಸು ತಮ್ಮ ಚೀಲವನ್ನು ನನ್ನ ತಲೆಯ ಕೆಳಗಿಟ್ಟು, "ಇನ್ನೂ ಸ್ವಲ್ಪ ಎತ್ತರ ಬೇಕಪ್ಪಾ, ಬಸುರಿಗೆ ಎರಡು ದಿಂಬಾದ್ರೂ ಇರುತ್ತೆ" ಅಂದರು.

ಟೈನವನು ಟೈ ಸಡಿಲ ಮಾಡಿಕೊಂಡು ಒಂದೊಂದೇ ಮಾನಿಟರ್ ಮುಂದೆ ತಂದ. ಅಲ್ಲಿಂದ ನೋಡಿದರೆ ಹುಲಿಗೆ ರೆಪ್ಪೆಯೇ ಇರಲಿಲ್ಲ. ಆ ದೂರಕ್ಕೆ ಫೋರ್‌ಕೆಯೂ ನಡುವಿನದೂ ಒಂದೇ ಹುಲಿ. ಕೊನೆಗೆ ಅವನೇ ಒಂದರ ಕತ್ತು ಹಿಡಿದು ತಿರುಗಿಸಿದ. ಪರದೆ ಗಿರಕ್ಕನೆ ಅಡ್ಡವಾಗಿ ನಿಂತಿತು. ಬಣ್ಣ ಕೆಡಲಿಲ್ಲ. ಮಲಗಿದ್ದ ನನಗೆ ಹುಲಿ ನಾಲ್ಕು ಕಾಲ ಮೇಲೆ ನೆಟ್ಟಗೆ ನಿಂತಿತ್ತು.

"ಇದೇ" ಅಂದೆ.

ಅದು ನಡುವಿನದು. ಸ್ಕ್ರೂಗೆ ಈ ವಿಷಯ ತಿಳಿಯಕೂಡದು.

ಜೂನ್ ೨೪, ಮಂಗಳವಾರ

ಸ್ಕ್ರೂಗೆ ತಿಳಿಯಿತು, ಏಕೆಂದರೆ ಜೋಡಿಸಲು ಅವನೇ ಬರಬೇಕಾಯಿತು. ಬಹಳ ಹೊತ್ತು ಮೆರೆದ. ಈಗ ಎರಡು ಪರದೆ. ಹಳೆಯದರಲ್ಲಿ ನನ್ನ ಪಾಲು. ಹೊಸದರಲ್ಲಿ ಅಕ್ಕನದು, ಅಡ್ಡವಾಗಿ, ಮಂಚಕ್ಕೆ ಮುಖ ಮಾಡಿಕೊಂಡು. ಈ ಸಲ ಒಂದು ಸ್ಕ್ರೂ ಕೂಡ ಮಿಗಲಿಲ್ಲ; ಅವನಿಗೇ ಗಾಬರಿಯಾಗಿ ಮತ್ತೊಮ್ಮೆ ಬಿಚ್ಚಿ ನೋಡಿದ.

"ಅಯ್ಯಪ್ಪಾ, ಇಷ್ಟೊಂದು ಬಿರುಕಿತ್ತಾ ಇಲ್ಲಿ!" ಅಂದಳು ಅಕ್ಕ. ಒಂದೇ ಉಸಿರಿಗೆ ಮೂರು ಹಂತ ಹತ್ತಿದಳು. ನಾನು ಹಗ್ಗದ ತುದಿಯಲ್ಲಿ ಮೂಟೆಯಂತೆ ಹಿಂದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಇವಳ್ಯಾಕೋ ಅಡ್ಡಡ್ಡ ಹತ್ತುತಿದಾಳೆ?" ಆಮೇಲೆ ಮೆಲ್ಲಗೆ ಕೇಳಿದಳು: "ಇದರ ಮೇಲಿರೋ ಪ್ಲಾಸ್ಟಿಕ್ಕು?"

"ಅಂಗಡೀಲೇ ತೆಗೆದೆ."

ಅಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ಜುಲೈ ೧, ಮಂಗಳವಾರ

ಆಟದ ನಡುವೆ ಅಕ್ಕ ಜಾಯ್‌ಸ್ಟಿಕ್ ಕೆಳಗಿಟ್ಟಳು. "ಅಮ್ಮನಿಗೆ ಫೋನ್ ಮಾಡು" ಅಂದಳು. ಆಸ್ಪತ್ರೆ. ಇನ್ನೂ ಒಂದು ತಿಂಗಳಿದೆ.

ಆಂಬುಲೆನ್ಸಿನಲ್ಲಿ ನನ್ನ ಬೆರಳು ಹಿಡಿದುಕೊಂಡು, "ಉಳಿಸಿದ್ಯಾ?" ಅಂದಳು. ಗೋಡೆಯ ನಡುವೆ ಆಟವನ್ನು ಉಳಿಸಲು ಬರುವುದಿಲ್ಲ, ಮುಂದಿನ ಕಟ್ಟೆ ಸಿಗಬೇಕು. ಇಲ್ಲ ಅಂದೆ.

"ಹಾಗಿದ್ರೆ ಆರಿಸಬೇಡ."

ಜುಲೈ ೨, ಬುಧವಾರ

ನೋವು ನಿಲ್ಲಿಸಲು ಔಷಧಿ ಕೊಟ್ಟಿದ್ದಾರೆ. ಕಾಯಬೇಕಂತೆ.

ಮನೆಗೆ ಬಟ್ಟೆ ತರಲು ಹೋದೆ. ನಮ್ಮಮ್ಮ ಬಾಗಿಲು ದಾಟುವ ಮುಂಚೆ ಮನೆಯ ಪ್ರತಿ ಸ್ವಿಚ್ಚನ್ನೂ ಆರಿಸುವವಳು. ಫ್ರಿಜ್ಜನ್ನೂ ಆರಿಸಿ ಹೋದ ಚರಿತ್ರೆಯಿದೆ. ನೇರ ಕೋಣೆಗೆ ಓಡಿದೆ. ಎರಡೂ ಪರದೆ ಉರಿಯುತ್ತಿದ್ದವು. ಸ್ವಿಚ್ಚಿನ ಮೇಲೆ ಟೇಪು, ಅದರ ಮೇಲೆ ಅಮ್ಮನ ಕೈಬರಹ: "ಮುಟ್ಟಿದರೆ ಹುಷಾರ್."

ಮನೆಯಲ್ಲಿ ಉಳಿದಿರುವುದು ನಾನು ಮತ್ತು ಅಮ್ಮ. ನಾನಂತೂ ಮುಟ್ಟುವವನಲ್ಲ. ಅಂದರೆ ಅಮ್ಮ ತನಗೆ ತಾನೇ ಎಚ್ಚರಿಕೆ ಕೊಟ್ಟುಕೊಂಡಿದ್ದಾಳೆ.

ಜುಲೈ ೩, ಗುರುವಾರ

ಕಾಯುತ್ತಿದ್ದೇವೆ.

ಜುಲೈ ೫, ಶನಿವಾರ

ಬಂದಳು! ನೋವು ನಿಂತಿದೆ. ಮತ್ತೆ ಎಡಮಗ್ಗುಲು, ಈ ಸಲ ಇನ್ನೂ ಕಟ್ಟುನಿಟ್ಟು. ಡಾಕ್ಟರಮ್ಮ, "ಮನೇಲಿ ಮಲಗಿರ್ತಾಳಾ?" ಎಂದು ಅನುಮಾನದಿಂದ ಕೇಳಿದರು. "ಅವಳಿಗೆ ಬೆಟ್ಟದ ಮೇಲೆ ಕೆಲಸ ಇದೆ ಡಾಕ್ಟ್ರೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಪರದೆಯಲ್ಲಿ ಅಕ್ಕನ ಬೆಟ್ಟಗಾತಿ ಇನ್ನೂ ಬಿರುಕಿಗೆ ಬೆರಳು ತೂರಿಸಿಕೊಂಡು ನಿಂತಿದ್ದಳು. ಹಿಮ ಬೀಳುತ್ತಿತ್ತು. ಕೆಳಗೆ ಹಗ್ಗದಲ್ಲಿ ನಾನು ತೂಗುತ್ತಿದ್ದೆ.

"ನೋಡಿದ್ಯಾ, ಬಿಟ್ಟಿಲ್ಲ" ಅಂದಳು ಅಕ್ಕ. ಜಾಯ್‌ಸ್ಟಿಕ್ ಕೊಟ್ಟೆ.

ಜುಲೈ ೨೦, ಭಾನುವಾರ

ದಿನಾ ಒಂದಿಷ್ಟು ಹತ್ತುತ್ತೇವೆ. ಅಕ್ಕ ಬೇಕೆಂದೇ ನಿಧಾನ ಮಾಡುತ್ತಿದ್ದಾಳೆಂದು ನನಗೆ ಗುಮಾನಿ. ನಾನೂ ಬೇಕೆಂದೇ ಎರಡು ಸಲ ಬಿದ್ದೆ. ತುದಿ ಬೇಗ ಬಂದುಬಿಟ್ಟರೆ?

ಯಜಮಾನರು ಮಧ್ಯಾಹ್ನದ ಹೊತ್ತು ಒಂದು ಗಂಟೆ ಹೆಚ್ಚು ಬಿಡುವು ಕೊಟ್ಟಿದ್ದಾರೆ. ಒಬ್ಬನೇ ಆಡುವ ಪಂದ್ಯಗಳಲ್ಲಿ ನನ್ನ ದರ್ಜೆ ಏನಾಗಿದೆಯೆಂದು ಸ್ಕ್ರೂ ಕೇಳಿದ. ನೋಡಿ ಹೇಳುತ್ತೇನೆ ಅಂದೆ. ನೋಡಲು ಮರೆತೆ.

ಆಗಸ್ಟ್ ೨, ಶನಿವಾರ

ಮಾನಿಟರ್ ವಿಚಾರಣಾ ಆಯೋಗದ ಅಂತಿಮ ವರದಿ.

ಹೆಣ್ಣು. ಇವತ್ತು ಬೆಳಿಗ್ಗೆ, ಬರಬೇಕಾದ ಹೊತ್ತಿಗೆ, ಬರಬೇಕಾದಷ್ಟು ತೂಕದೊಂದಿಗೆ, ವಿಪರೀತ ದನಿಯೊಂದಿಗೆ. ಭಾವ ಹಡಗಿನಿಂದ ಫೋನಿನಲ್ಲಿ ಕಾಣಿಸಿಕೊಂಡ. ಚಿತ್ರ ತುಂಡುತುಂಡಾಗಿತ್ತು, ಅಳುವುದು ಮಾತ್ರ ಚೆನ್ನಾಗಿ ಕೇಳಿತು. ಅಮ್ಮ ಮಗುವನ್ನು ನನ್ನ ಕೈಗಿಟ್ಟಳು. "ಬೀಳಿಸಿದ್ಯೋ—" ಅಂದಳು.

ಆಟದ ಗೋಡೆಯಲ್ಲಿ ಕೊನೆಯ ಹಂತ ಹಾಗೇ ಇದೆ. ಇರಲಿ.

ಮಧ್ಯಾಹ್ನ ಮಗು ತೊಟ್ಟಿಲಲ್ಲಿ ಕಿರುಚಿತು. ಅಕ್ಕ ಹೊದಿಕೆ ಸರಿಸಿ, ಕಾಲು ಕೆಳಗಿಟ್ಟು, ಎದ್ದು ನಿಂತಳು.

"ಏಳ್ಬೇಡ ಅಕ್ಕಾ! ಮಲ್ಕೋ!"

ನಾನು ಕೂಗಿದ ಕೂಗಿಗೆ ಇಡೀ ವಾರ್ಡು ತಿರುಗಿತು. ನರ್ಸಿನ ಕೈಯಿಂದ ಟ್ರೇ ಜಾರಿತು. ಮಗು ಕೂಡ ಅಳು ನಿಲ್ಲಿಸಿ ಯೋಚಿಸಿತು. ಅಕ್ಕ ಮಾತ್ರ ನಿಂತೇ ಇದ್ದಳು. ಸಾವಕಾಶವಾಗಿ ವಾರ್ಡಿನ ಉದ್ದಕ್ಕೂ ನಡೆದು ನನ್ನ ಹತ್ತಿರ ಬಂದು, ತಲೆಗೂದಲು ಹಿಡಿದು ಒಮ್ಮೆ ಅಲ್ಲಾಡಿಸಿದಳು.

"ಮುಗೀತು ಕಣೋ" ಅಂದಳು. "ಏಳಬಹುದು."

ಅಷ್ಟರಲ್ಲಿ ನನಗೆ ಹೊರಗೆ ತುರ್ತು ಕೆಲಸ ಬಂತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದಾರೆ. ಅದರ ಮೇಲಿನ ಸೂಚನೆಗಳನ್ನು ಗೋಡೆಗೆ ಮುಖ ಮಾಡಿ ನಿಂತು ಮೊದಲಿಂದ ಕೊನೆಯವರೆಗೆ ಓದಲು ಪ್ರಯತ್ನಿಸಿದೆ. ಅಕ್ಷರಗಳು ಪೂರಾ ಕಲಸಿಹೋಗಿದ್ದವು, ಹತ್ತಿರದಿಂದಲೂ, ದೂರದಿಂದಲೂ. ಆ ಸ್ಟಿಕ್ಕರ್ ಮಾಡಿದವನು ಯಾರೋ ಏನೋ, ಕೆಲಸ ಬರುವುದಿಲ್ಲ ಅವನಿಗೆ.